ಇಂಗ್ಲಿಷ್ ನುಡಿಗಟ್ಟುಗಳಲ್ಲಿ ಕೈ, ಕಿವಿ, ಹೃದಯ

ಇಂಗ್ಲಿಷ್ ಪಾಠದ ‘ಗಿವ್ ಮಿ ಎ ಹ್ಯಾಂಡ್’ ಎಂಬ ಮಾತಿಗೆ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಪದಕ್ಕೆ ಪದವಿಟ್ಟು ‘ನನಗೆ ಕೈಕೊಡು’ ಎಂದು ಬರೆದರೆ ಅರ್ಥವೇ ತಲೆಕೆಳಗಾಗುತ್ತದೆ. ಇಂಗ್ಲಿಷಿನಲ್ಲಿ ಅದು ನೆರವಿನ ಕೋರಿಕೆ. ಕನ್ನಡದಲ್ಲಿ ಕೈಕೊಡುವುದೆಂದರೆ ನಂಬಿದವರನ್ನು ನಡುನೀರಿನಲ್ಲಿ ಬಿಡುವುದು. ಮಳೆ ಕೈಕೊಟ್ಟಿತೆಂದು ರೈತರು ಹೇಳುವುದು ಈ ಅರ್ಥದಲ್ಲಿಯೇ. ತಾಳವಾಡಿ, ಹೊಸೂರು ಭಾಗದ ಮಕ್ಕಳಿಗೆ ತೊಡಕು ಇನ್ನೊಂದು ಬಗೆಯದು. ತಮಿಳಿನ ‘ಕೈ ಕೊಡು’ ಇಂಗ್ಲಿಷಿನಂತೆ ಸಹಾಯವನ್ನೇ ಸೂಚಿಸುವುದರಿಂದ, ಅವರು ಎಡವುವುದು ಕನ್ನಡದ ಪ್ರಯೋಗದಲ್ಲಿ. ಮೂರು ಭಾಷೆಗಳ ವಾಕ್ಯಗಳನ್ನೂ ಕರಿಹಲಗೆಯ ಮೇಲೆ ಒಟ್ಟಿಗೆ ಬರೆದು, ವ್ಯತ್ಯಾಸವನ್ನು ಮಕ್ಕಳ ಬಾಯಿಂದಲೇ ಹೇಳಿಸುವುದು ಲೇಸು.

ಎಲ್ಲ ನುಡಿಗಟ್ಟುಗಳೂ ಹೀಗೆ ದಾರಿ ತಪ್ಪಿಸುವುದಿಲ್ಲ. ‘ಲೆಂಡ್ ಆ್ಯನ್ ಇಯರ್’ ಎಂದರೆ ಕಿವಿಗೊಡು. ಪರರ ವಿಷಯದಲ್ಲಿ ಮೂಗು ತೂರಿಸುವುದು ಎರಡು ಭಾಷೆಗಳಲ್ಲಿಯೂ ಒಂದೇ. ‘ಕೋಲ್ಡ್ ಫೀಟ್’ ಎಂಬುದನ್ನು ಮಾತ್ರ ವಿವರಿಸಬೇಕು: ಅದು ಕೊನೆಗಳಿಗೆಯ ಅಳುಕು.

ಹೆಚ್ಚು ಸ್ವಾರಸ್ಯವುಳ್ಳದ್ದು ‘ಬೈ ಹಾರ್ಟ್’. ಹಿಂದೆ ಯುರೋಪಿನಲ್ಲಿ ಹೃದಯವನ್ನು ನೆನಪಿನ ನೆಲೆಯೆಂದು ಭಾವಿಸಿದ್ದರು. 14ನೆಯ ಶತಮಾನದ ಕವಿ ಚಾಸರನಲ್ಲಿಯೇ ಈ ಪ್ರಯೋಗವಿದೆ. ಕನ್ನಡದಲ್ಲಿ ಕಲಿತದ್ದು ಸೇರುವುದು ಕಂಠಕ್ಕೆ, ಬಾಯಿಗೆ: ಕಂಠಪಾಠ, ಬಾಯಿಪಾಠ. ನಮ್ಮ ತರಗತಿಗಳ ‘ಬೈಹಾರ್ಟ್ ಮಾಡು’ ಭಾರತದ ಬಳಕೆ. ಶಿಷ್ಟ ಇಂಗ್ಲಿಷಿನಲ್ಲಿ ಅದು ಕ್ರಿಯಾಪದವಲ್ಲ. ‘ಲರ್ನ್’ ಎಂಬುದರೊಡನೆ ಬರಬೇಕು. ಮಾತಿನಲ್ಲಿ ಸಹಿಸಬಹುದಾದರೂ, ಉತ್ತರಪತ್ರಿಕೆಯಲ್ಲಿ ‘ಐ ಬೈಹಾರ್ಟೆಡ್’ ಎಂದು ಕಂಡರೆ ತಿದ್ದಲೇಬೇಕು.