ಆಯಿಯ ಕೈಗೊಂದು ಕಡ್ಡಿ

 

ನಮ್ಮ ಆಯಿ ಸಣ್ಣಾಕಿ ಇದ್ದಾಗಿಂದ ಜೋಳದ ರೊಟ್ಟಿ ಬಡಿದಾಳ, ತೊಗರಿ ಕೊಯ್ದಾಳ, ಹತ್ತಿ ಬಿಡಿಸ್ಯಾಳ. ಈಗ ಆಕಿ ಬೆರಳಿನ ಗಿಣ್ಣು ದಪ್ಪಾಗಿ ಸೊಟ್ಟಗಾಗ್ಯಾವ. ಮುಂಜಾನೆ ಮುಷ್ಟಿ ಕಟ್ಟಲಿಕ್ಕೆ ಬರಂಗಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಯಾವ ಊರಿಗೆ ಹೋದರೂ ಇಂಥ ಕೈಗಳು ಸಿಗುತ್ತವೆ.

ಆದರೆ ಕೆಲಸವೆಲ್ಲಾ ಈಗ ಟಚ್ ಫೋನಿನಾಗ ಅದ. 2023ರಲ್ಲಿ ಸುರುವಾದ ಗೃಹಲಕ್ಷ್ಮಿ ರೊಕ್ಕ ಬಂತೋ ಇಲ್ಲೋ ಫೋನೇ ಹೇಳಬೇಕು. ಆಯಿ ಬೆರಳು ಇಟ್ಟರೆ ಒಮ್ಮೆ ಹತ್ತಂಗಿಲ್ಲ, ಒಮ್ಮೆ ಬೇರೆಯದೇ ತೆರೀತದ. ಕಡೀಗೆ ಅಂಗಡಿಯಾಗ ಕುಂತವರ ಕೈಗೆ ಫೋನ್ ಕೊಟ್ಟು, ನಾಲ್ಕು ಮಂದಿಗೆ ಕೇಳುವಂಗ ಪಿನ್ ನಂಬರ್ ಹೇಳತಾಳ. ನನಗೆ ಇದೇ ಚಿಂತೆ ಹತ್ತಿತ್ತು.

ಬೆರಳು ಯಾಕೆ ಹತ್ತಂಗಿಲ್ಲ? ಫೋನಿನ ಗಾಜಿನ ಕೆಳಗೆ ಕಣ್ಣಿಗೆ ಕಾಣದ ತೆಳ್ಳನೆಯ ವಾಹಕದ ಜಾಲ ಇರುತ್ತದೆ. ಅದರಲ್ಲಿ ಸ್ವಲ್ಪ ವಿದ್ಯುದಂಶ ಇರುತ್ತದೆ. ನಮ್ಮ ಮೈಯಲ್ಲಿ ನೀರು, ಉಪ್ಪು ಇರುವುದರಿಂದ ಬೆರಳೂ ವಾಹಕ. ಅದು ಗಾಜಿಗೆ ತಾಗಿದ ಕಡೆ ವಿದ್ಯುದಂಶ ತುಸು ಬದಲಾಗುತ್ತದೆ, ಫೋನು ಅದನ್ನು ಅಳೆದು ಜಾಗ ತಿಳಿಯುತ್ತದೆ. ಅಂದರೆ ಇಲ್ಲಿ ಜೋರು ಬೇಕಾಗಿಲ್ಲ. ಆಯಿಯ ಚರ್ಮ ಒಣಗಿ ಬಿರುಸಾಗಿದೆ. ಆ ಚರ್ಮದಿಂದ ಬದಲಾವಣೆ ಕಡಿಮೆ. ಹತ್ತಲಿಲ್ಲ ಅಂತ ಆಕಿ ಒತ್ತಿ ಹಿಡಿದರೆ, ಫೋನು ಅದನ್ನು ಬೇರೆ ಹುಕುಂ ಅಂತ ತಿಳಿಯುತ್ತದೆ.

ಒಂದು ಮಜಾ ಕೇಳ್ರಿ. ಈ ಟಚ್ ವಿದ್ಯೆಯನ್ನು ಬೆಳೆಸಿದವರಲ್ಲಿ ಒಬ್ಬ, ಅಮೆರಿಕದ ವೇಯ್ನ್ ವೆಸ್ಟರ್‌ಮನ್, ತಾನೇ ಕೈನೋವಿನವ. ಅವನದು ಸಂಧಿವಾತವಲ್ಲ, ಕೀಲಿಮಣೆ ಬಡಿದು ಬಡಿದು ಬಂದ ನೋವು. ಒತ್ತದೇ ಬರೀ ಮುಟ್ಟಿದರೆ ಸಾಕು ಅನ್ನುವ ಮಣೆ ಮಾಡಲು 1998ರಲ್ಲಿ ತನ್ನ ಗುರು ಜಾನ್ ಎಲಿಯಾಸ್ ಜೊತೆ ಫಿಂಗರ್‌ವರ್ಕ್ಸ್ ಕಂಪನಿ ತೆರೆದ. 2005ರಲ್ಲಿ ಆ್ಯಪಲ್ ಅದನ್ನು ಕೊಂಡಿತು, 2007ರಲ್ಲಿ ಐಫೋನ್ ಬಂತು. ನೋಯುವ ಕೈಗೆ ಅಂತ ಹುಟ್ಟಿದ್ದು ನಮ್ಮ ಆಯಿ ಕೈಗೆ ಒಗ್ಗಲಿಲ್ಲ!

ಪ್ಯಾಟ್ಯಾಗ ಸ್ಟೈಲಸ್ ಅಂತ ರಬ್ಬರ್ ತುದಿಯ ಪೆನ್ನು ಸಿಗುತ್ತದೆ. ಅದು ಸಣಕಲು, ಗಿಣ್ಣು ನೋಯುವವರಿಗೆ ಹಿಡೀಲಿಕ್ಕೆ ಬರಂಗಿಲ್ಲ. ಅದಕ್ಕೇ ಮನ್ಯಾಗೇ ಮಾಡಿದೆ. ಖಾಲಿ ಬಾಲ್‌ಪೆನ್ನಿನ ತುದಿಗೆ ಹತ್ತಿ ಕಟ್ಟಿ ಸ್ವಲ್ಪ ಒದ್ದೆ ಮಾಡಿದೆ. ಹತ್ತಿಗೆ ತಾಗುವಂಗ ಪೆನ್ನಿಗೆಲ್ಲಾ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ ಸುತ್ತಿದೆ. ದಪ್ಪ ಆಗಲಿ ಅಂತ ಮ್ಯಾಲೆ ಸೈಕಲ್ ಟ್ಯೂಬ್ ಸುತ್ತಿದೆ. ಫೋನು ಅಲುಗಲಿಲ್ಲ! ಒಂದು ದಿನ ತಲೆ ಕೆಡಿಸಿಕೊಂಡ ಮ್ಯಾಲೆ ತಿಳೀತು: ರಬ್ಬರ್ ಅವಾಹಕ, ಆಯಿಯ ಕೈ ಹಾಳೆಗೆ ತಾಗಲೇ ಇಲ್ಲ. ಟ್ಯೂಬ್ ಒಳಗೆ, ಹಾಳೆ ಹೊರಗೆ ಮಾಡಿದೆ. ಹತ್ತಿತು. ತುದಿ ಬೆರಳಿನ ತುದಿಯಷ್ಟು ಅಗಲ ಇರಬೇಕು, ಸೂಜಿಯಂಗ ಇದ್ದರೆ ನಡೆಯಂಗಿಲ್ಲ. ಹತ್ತಿ ಒಣಗಿದರೆ ಮತ್ತೆ ಒದ್ದೆ ಮಾಡಬೇಕು, ನೀರು ತೊಟ್ಟಿಕ್ಕಬಾರದು. ಬೆರಳಚ್ಚು ಬೇಕಾದ ಕಡೆ ಮಾತ್ರ ಈ ಕಡ್ಡಿ ನಡೆಯದು.

ಫೋನು ಹಿಡಿಯುವುದೂ ಹೆಬ್ಬೆರಳಿನ ಬುಡಕ್ಕೆ ಭಾರ. ರಟ್ಟಿನ ಆಸರೆ ಮಾಡಿ ಮಣೆ ಮ್ಯಾಲೆ ಇಟ್ಟರೆ ಆಯಿತು. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಅನ್ನೋದು ಅದ. ಅದರೊಳಗೆ ಮುಟ್ಟಿ ಹಿಡಿಯುವ ಸಮಯ ಹೆಚ್ಚು ಮಾಡಿದರೆ ಬೆರಳು ತಡವಾಗಿ ಎತ್ತಿದರೂ ತಪ್ಪು ಆಗಂಗಿಲ್ಲ. ಅಕ್ಷರ ದೊಡ್ಡದು ಮಾಡ್ರಿ. ಬರೆಯೋ ಬದಲು ಮೈಕಿನ ಗುರುತು ಮುಟ್ಟಿ ಕನ್ನಡದಾಗೇ ಮಾತಾಡಬಹುದು. ಗೂಗಲ್ ಇದನ್ನು 2017ರಲ್ಲಿ ಕೊಟ್ಟಿತು. ನಮ್ಮ ಕಡೆ ಮಾತಿಗೆ ಅದು ಒಮ್ಮೊಮ್ಮೆ ಏನೇನೋ ಬರೀತದ, ನಗು ಬರ್ತದ. ಟಚ್ ಬ್ಯಾಡೇ ಬ್ಯಾಡ ಅನ್ನುವವರಿಗೆ 2022ರಲ್ಲಿ ಯುಪಿಐ 123ಪೇ ಬಂದದ, ಬಟನ್ ಫೋನಿನಿಂದಲೂ ರೊಕ್ಕ ಕಳಿಸಬಹುದು.

ಇವು ಯಾವುವೂ ಔಷಧ ಅಲ್ಲ. ಗಿಣ್ಣು ಬಾತು, ಮುಂಜಾನೆ ತಾಸುಗಟ್ಟಲೆ ಬಿಗಿ ಹಿಡಿದಿದ್ದರೆ ಡಾಕ್ಟರ್ ಹತ್ರ ಹೋಗಲೇಬೇಕು.

ಈಗ ಆಯಿ ಪಿನ್ ತಾನೇ ಹೊಡೀತಾಳ. ನಾನು ಬಗ್ಗಿ ನೋಡಿದರೆ "ಆ ಕಡೆ ಹೋಗೋ" ಅಂತಾಳ. ಇನ್ನೊಂದು ಕಡ್ಡಿ ಮಾಡಿ ವಿಜ್ಞಾನದ ಕಪಾಟಿನಾಗ ಇಟ್ಟೀನಿ. ಬೇಕಾದವರು ಗುರುಗಳನ್ನು ಕೇಳಿ ಒಯ್ದು, ಮನಿಯಾಗ ಹಿರಿಯರ ಕೈಯಾಗ ಕೊಟ್ಟು ನೋಡ್ರಿ. ಹತ್ತಿ ಬದಲಿಸೋದು ಮರೀಬ್ಯಾಡ್ರಿ.