ಐಎಸ್ ಬ್ರಾಂಚ್ ತಗೊಂಡ್ರೆ ಮುಂದೇನು?

ಸಿಇಟಿ ರ‍್ಯಾಂಕ್ ಬಂತು. ಕಂಪ್ಯೂಟರ್ ಸೈನ್ಸ್ (ಸಿಎಸ್) ಸಿಗಲಿಲ್ಲ, ಇನ್ಫರ್ಮೇಶನ್ ಸೈನ್ಸ್ (ಐಎಸ್) ಸಿಗ್ತಿದೆ. ತಗೋಬಹುದಾ?

ಧಾರಾಳವಾಗಿ. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್... ವಿಟಿಯುನಲ್ಲಿ ಸಿಎಸ್‌ನವರು ಓದೋ ಈ ಮುಖ್ಯ ವಿಷಯಗಳನ್ನೇ ಐಎಸ್‌ನವರೂ ಓದ್ತಾರೆ. ಗೇಟ್ ಪರೀಕ್ಷೆಯಲ್ಲೂ ಇಬ್ಬರಿಗೂ ಅದೇ ಸಿಎಸ್ ಪತ್ರಿಕೆ. 2024ರಿಂದ ಡೇಟಾ ಸೈನ್ಸ್ ಮತ್ತು ಎಐಗೆ ಬೇರೆ ಪತ್ರಿಕೆಯೂ ಬಂದಿದೆ. ಕ್ಯಾಂಪಸ್‌ಗೆ ಬರೋ ಸಾಫ್ಟ್‌ವೇರ್ ಕಂಪನಿಗಳು ಸಾಮಾನ್ಯವಾಗಿ ಎರಡೂ ಬ್ರಾಂಚ್‌ನವರನ್ನ ಒಟ್ಟಿಗೇ ಕೂರಿಸ್ತವೆ.

ಯಾವ ಕೆಲಸ? ಸಾಫ್ಟ್‌ವೇರ್ ಡೆವಲಪರ್, ಡೇಟಾ ಅನಲಿಸ್ಟ್, ಟೆಸ್ಟಿಂಗ್, ಕ್ಲೌಡ್, ಸೈಬರ್ ಸೆಕ್ಯುರಿಟಿ.

ಆದರೆ ಒಂದು ಮಾತು. ಸುಲಭದ ಕೋಡನ್ನ ಈಗ ಎಐ ಬರೆದುಕೊಡುತ್ತೆ. ಅದರಲ್ಲಿ ತಪ್ಪೆಲ್ಲಿದೆ ಅಂತ ಹುಡುಕೋರಿಗೇ ಬೆಲೆ. ಹಾಗಾಗಿ ಎರಡನೇ ವರ್ಷದೊಳಗೆ ಒಂದು ಭಾಷೆ ಗಟ್ಟಿ ಮಾಡ್ಕೊಳ್ಳಿ, ಪೈಥಾನ್ ಇರಲಿ, ಜಾವಾ ಇರಲಿ. ಜೊತೆಗೆ ಎಸ್‌ಕ್ಯೂಎಲ್ ಕಲಿಯಿರಿ. ಪ್ರಾಜೆಕ್ಟ್ ದುಡ್ಡು ಕೊಟ್ಟು ತರಬೇಡಿ, ನೀವೇ ಮಾಡಿ ಗಿಟ್‌ಹಬ್‌ಗೆ ಹಾಕಿ. ಇಂಟರ್ನ್‌ಶಿಪ್ ಬರೀ ಸರ್ಟಿಫಿಕೇಟ್‌ಗೆ ಮಾಡಬೇಡಿ.

ಆಪ್ಷನ್ ಎಂಟ್ರಿ ಮಾಡೋ ಮುಂಚೆ ಕಾಲೇಜನ್ನ ಕೇಳಿ: ಕಳೆದ ವರ್ಷ ಐಎಸ್‌ನಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ತು? ಬ್ಯಾನರ್‌ನಲ್ಲಿರೋ ಅತಿ ದೊಡ್ಡ ಪ್ಯಾಕೇಜ್ ಒಬ್ಬರದು. ನೀವು ನೋಡಬೇಕಾದ್ದು ಉಳಿದವರ ಸಂಬಳ.