ಕೃತಿಸ್ವಾಮ್ಯ: 60 ವರ್ಷಗಳ ಬೇಲಿ

ಬಿ.ಎಂ. ಶ್ರೀಕಂಠಯ್ಯನವರು ತೀರಿಕೊಂಡದ್ದು 1946ರಲ್ಲಿ, ಡಿ.ವಿ. ಗುಂಡಪ್ಪನವರು 1975ರಲ್ಲಿ. ಬಿಎಂಶ್ರೀಯವರ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಇಂದು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಯಾರ ಅಪ್ಪಣೆಯೂ ಬೇಡ. ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ ಕಾನೂನಿನ ಲೆಕ್ಕದಲ್ಲಿ ಸಾರ್ವಜನಿಕರ ಸೊತ್ತಾಗುವುದು 2036ರ ಜನವರಿ 1ರಂದು.

ಈ ಲೆಕ್ಕ ಬಂದದ್ದು ಹೇಗೆ? 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕನ ಜೀವಿತಾವಧಿ ಹಾಗೂ ನಂತರದ 50 ವರ್ಷ ಕೃತಿಗೆ ರಕ್ಷಣೆಯಿತ್ತು. 1941ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ಕ್ಕೆ ಮುಗಿಯಿತೆಂಬಾಗ ಸರ್ಕಾರ ಅದನ್ನು 60 ವರ್ಷಕ್ಕೆ ಏರಿಸಿತು. ಒಬ್ಬ ಕವಿಯ ನಿಮಿತ್ತ ಹಾಕಿದ ಬೇಲಿ ಎಲ್ಲ ಭಾಷೆಗಳ ಎಲ್ಲ ಲೇಖಕರಿಗೂ ಅನ್ವಯವಾಯಿತು.

ಬರೆದವನಿಗೂ ಹೊಟ್ಟೆಯಿದೆ, ಅವನ ದುಡಿಮೆಗೆ ರಕ್ಷಣೆ ಬೇಕು, ನಿಜ. ‘ಕಗ್ಗ’ದಂಥ ಪುಸ್ತಕ ಹೇಗೂ ಮರುಮುದ್ರಣ ಕಾಣುತ್ತಲೇ ಇರುತ್ತದೆ. ಕಷ್ಟವಿರುವುದು ಮರುಮುದ್ರಣವಾಗದ ಪುಸ್ತಕಗಳದು. ಪ್ರಕಾಶಕರು ಅಂಗಡಿ ಮುಚ್ಚಿರುತ್ತಾರೆ, ವಾರಸುದಾರರು ನಾಲ್ಕು ಊರುಗಳಲ್ಲಿ ಹಂಚಿಹೋಗಿರುತ್ತಾರೆ. ಅನುಮತಿ ಕೇಳುವುದು ಯಾರನ್ನು? ಅಷ್ಟರಲ್ಲಿ ಉಳಿದ ಒಂದೆರಡು ಪ್ರತಿಗಳನ್ನೂ ಗೆದ್ದಲು ತಿಂದಿರುತ್ತದೆ.

ಕಾಯ್ದೆಯಲ್ಲಿ ಕೆಲವು ಕಿಂಡಿಗಳಿವೆ. ದೇಶದಲ್ಲಿ ಎಲ್ಲಿಯೂ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳನ್ನು ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗಾಗಿ ಮಾಡಿಕೊಳ್ಳಬಹುದು. ಬೋಧನೆಯ ಭಾಗವಾಗಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಪ್ರತಿ ತೆಗೆಯಬಹುದು. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯೊಂದರ ವಿರುದ್ಧ ಪ್ರಕಾಶಕರು ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಇದನ್ನೇ ಎತ್ತಿಹಿಡಿಯಿತು. ಅಂಧರಿಗೆ ಓದಲು ಅನುಕೂಲವಾದ ರೂಪದಲ್ಲಿ ಕೃತಿಗಳನ್ನು ಸಿದ್ಧಪಡಿಸಲು 2012ರ ತಿದ್ದುಪಡಿ ದಾರಿ ಮಾಡಿಕೊಟ್ಟಿತು.

ಇನ್ನೊಂದು ದಾರಿ ಹಕ್ಕುದಾರರೇ ಬಾಗಿಲು ತೆರೆಯುವುದು. ‘ಚಿರಸ್ಮರಣೆ’ಯ ಲೇಖಕ ನಿರಂಜನ ಅವರ ಸುಮಾರು 55 ಪುಸ್ತಕಗಳನ್ನು ಅವರ ಕುಟುಂಬ 2014ರಲ್ಲಿ ‘ಕ್ರಿಯೇಟಿವ್ ಕಾಮನ್ಸ್’ ಎಂಬ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಲೇಖಕರ ಹೆಸರು ಹೇಳಬೇಕು, ಮಾರ್ಪಡಿಸಿದ್ದನ್ನು ಅದೇ ಷರತ್ತಿನಲ್ಲಿ ಹಂಚಬೇಕು ಎಂಬ ಕಟ್ಟುಪಾಡು ಉಂಟು. ಸ್ವಾಮ್ಯ ಕುಟುಂಬದಲ್ಲೇ ಉಳಿಯುತ್ತದೆ.

ಬಸವನಗುಡಿಯಲ್ಲಿ ಡಿವಿಜಿ 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಗ್ರಂಥಾಲಯದ ಹಳೆಯ ಪುಸ್ತಕಗಳೂ ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್ ಸೇರಿವೆ. ಹಳ್ಳಿಯ ವಿದ್ಯಾರ್ಥಿಗೆ ಅವನ್ನು ಓದಲು ಇನ್ನು ಬೆಂಗಳೂರಿನ ಬಸ್ಸು ಹಿಡಿಯಬೇಕಾಗಿಲ್ಲ. ಮನೆಯ ಅಟ್ಟದಲ್ಲಿ ಅಜ್ಜನ ಪುಸ್ತಕ ಇಟ್ಟುಕೊಂಡಿರುವ ವಾರಸುದಾರರು ಒಂದು ಪತ್ರಕ್ಕೆ ಸಹಿ ಹಾಕಿದರೆ, ಆ ಪುಸ್ತಕವೂ 60 ವರ್ಷ ಕಾಯದೆ ಓದುಗರ ಕೈ ಸೇರುತ್ತದೆ.